ಕಿವಿಯ ಕೀವನ್ನು ಬೆಳೆಸಿ ಏನು ಮಾಡುತ್ತೀರಿ?

ಮುಂಗಾರಿನ ಮೊದಲ ಮಳೆ ಬಿದ್ದ ವಾರ. ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಅಜ್ಜಿಯೊಬ್ಬರು ಏಳೆಂಟು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು ಕಲಬುರಗಿಯ ನಮ್ಮ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತಿದ್ದರು. ಇನ್ನೊಂದು ಕೈಯಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ಚೀಟಿ ಮತ್ತು ಮುಚ್ಚಳ ಹಾಕಿದ ಕೊಳವೆ. ಕೊಳವೆಯೊಳಗೆ ಹುಡುಗನ ಬಲಗಿವಿಯ ಕೀವು ಅಂಟಿದ ಹತ್ತಿಯ ಕಡ್ಡಿ. ಒಡೆದೀತೆಂಬ ಭಯದಿಂದ ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು.

“ಇದರಲ್ಲಿ ಏನು ನೋಡುತ್ತೀರಿ ಅವ್ವಾ?” ಎಂದು ಕೇಳಿದರು.

“ಇದರೊಳಗಿನ ಕೀಟಾಣುವನ್ನು ಬೆಳೆಸಿ ನೋಡುತ್ತೇವೆ ಆಯಿ. ಮೂರು ದಿನ ಬಿಟ್ಟು ಬಂದು ವರದಿ ತೆಗೆದುಕೊಂಡು ಹೋಗಿ.”

“ಬೆಳೆಸಿ ಏನು ಮಾಡುತ್ತೀರಿ? ಹೊಲದಲ್ಲಿ ಕಸ ಎದ್ದರೆ ನಾವು ಕೀಳುತ್ತೇವೆ. ಅದನ್ನು ಯಾರಾದರೂ ಬೆಳೆಸುತ್ತಾರೆಯೇ?”

ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಯಾವ ಔಷಧಕ್ಕೆ ಕೀಟಾಣು ಸಾಯುತ್ತದೆ ಎಂದು ನೋಡುತ್ತೇವೆ ಎಂದು ಹೇಳಿ ಕಳುಹಿಸಿದೆ. ಆದರೆ ಆ ಪ್ರಶ್ನೆ ಮನೆಗೂ ನನ್ನ ಹಿಂದೆಯೇ ಬಂತು. ಹತ್ತೊಂಬತ್ತು ವರ್ಷಗಳಿಂದ ಸೂಕ್ಷ್ಮಾಣು ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿದ್ದೇನೆ. ಸೋರುವ ಕಿವಿಗಳ ಕೀವನ್ನು ಎಷ್ಟು ತಟ್ಟೆಗಳ ಮೇಲೆ ಎಳೆದಿದ್ದೇನೋ ಲೆಕ್ಕವಿಲ್ಲ. ಆ ಅಜ್ಜಿಗೆ ಕೊಡಬೇಕಾದ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ತಟ್ಟೆಯನ್ನೇ ನೋಡಿ. ಕುರಿಯ ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ, ಅಗರ್ ಎಂಬ ಮೆತ್ತನೆಯ ಪದರದ ಮೇಲೆ ಕೀವನ್ನು ತಂತಿಯ ಕುಣಿಕೆಯಿಂದ ಎಳೆದು, 37 ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಿಗ್ಗೆ ಮುಚ್ಚಳ ಸರಿಸುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಕಳಿತ ದ್ರಾಕ್ಷಿಯಂಥ ಸಿಹಿ ವಾಸನೆ ಬಂದರೆ ಅದು ಸೂಡೋಮೊನಾಸ್. ಬಣ್ಣವಿಲ್ಲದ ಅಗರ್ ಮೇಲೆ ಬೆಳೆಸಿದರೆ ತಟ್ಟೆಗೆ ತಟ್ಟೆಯೇ ಹಸಿರಾಗಿರುತ್ತದೆ. ಮುತ್ತಿನಂತೆ ದುಂಡಗೆ, ಹೊಂಬಣ್ಣಕ್ಕೆ ತಿರುಗಿದ ಚುಕ್ಕೆಗಳಿದ್ದರೆ ಬಹುಮಟ್ಟಿಗೆ ಸ್ಟ್ಯಾಫಿಲೋಕಾಕಸ್. ವರ್ಷಗಟ್ಟಲೆ ಸೋರುವ ಕಿವಿಗಳಲ್ಲಿ ಹೆಚ್ಚಾಗಿ ಸಿಗುವುದು ಈ ಎರಡೇ. ಇದು ಕಲಬುರಗಿಗಷ್ಟೇ ಸೇರಿದ ಸಂಗತಿಯಲ್ಲ, ಜಗತ್ತಿನ ಬಹುಪಾಲು ಕಡೆಗಳ ವರದಿಗಳೂ ಇದನ್ನೇ ಹೇಳುತ್ತವೆ.

ನನ್ನ ತಕರಾರು ಇಲ್ಲಿಂದಲೇ ಶುರು. ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿ ಪದವಿ ಪಡೆಯಬೇಕಾದರೆ ಪ್ರಬಂಧ ಬರೆಯಲೇಬೇಕು. ಕಿವಿ ಸೋರುವ ವಿಷಯ ಆರಿಸಿಕೊಂಡು ಬರುವ ಮಕ್ಕಳು ನನಗೆ ಆಗಾಗ ಸಿಗುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ: ಯಾವ ಕೀಟಾಣು, ಯಾವ ಔಷಧಕ್ಕೆ ಬಗ್ಗುತ್ತದೆ? ಕೀವು ಬರುತ್ತದೆ, ತಟ್ಟೆ ಹಸಿರಾಗುತ್ತದೆ, ಕೋಷ್ಟಕ ತುಂಬುತ್ತದೆ, ಪ್ರಬಂಧಕ್ಕೆ ರಟ್ಟು ಹಾಕಿಸುತ್ತಾರೆ. ಕೆಲವು ವರ್ಷಗಳ ಮೇಲೆ ಇನ್ನೊಬ್ಬರು ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಅವರು ಸೋಮಾರಿಗಳಲ್ಲ, ರಾತ್ರಿ ಪಾಳಿ ಮುಗಿಸಿ ಕೆಂಪಾದ ಕಣ್ಣಿನಲ್ಲೇ ನನ್ನ ಮುಂದೆ ಕುಳಿತು ಬರೆದುಕೊಳ್ಳುತ್ತಾರೆ. ಆದರೆ ಕೀವು ಕೊಟ್ಟ ಮಗುವಿನ ಕಿವಿ ಆರು ತಿಂಗಳ ಮೇಲೆ ಒಣಗಿತ್ತೇ, ಅದಕ್ಕೆ ಎಷ್ಟು ಕೇಳಿಸುತ್ತದೆ, ಅದು ಶಾಲೆಯಲ್ಲಿ ಎಲ್ಲಿ ಕುಳಿತುಕೊಳ್ಳುತ್ತದೆ ಎಂಬ ಪ್ರಶ್ನೆಯ ಅಂಕಣವನ್ನು ನಾನು ಕಂಡ ಕೋಷ್ಟಕಗಳಲ್ಲಿ ಒಮ್ಮೆಯೂ ನೋಡಿಲ್ಲ.

ಇದು ಸಣ್ಣ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಹೀಗೆ ಸೋರುತ್ತದೆ, ಅವರಲ್ಲಿ ನೂರಕ್ಕೆ 60 ಮಂದಿಗೆ ಕೇಳುವ ಶಕ್ತಿ ಗಣನೀಯವಾಗಿ ಕುಗ್ಗಿರುತ್ತದೆ. ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳ ಸಾಲಿಗೆ ಆ ವರದಿ ಭಾರತವನ್ನು ಸೇರಿಸಿತ್ತು. ನಿರ್ಲಕ್ಷಿಸಿದರೆ ಕೀವು ಮೂಳೆಯನ್ನು ತಿನ್ನುತ್ತಾ ಮಿದುಳಿನವರೆಗೂ ಹೋಗಬಹುದು.

ನನಗೆ ಇದು ಬರೀ ಅಂಕಿಸಂಖ್ಯೆಯಲ್ಲ. ನನ್ನ ತಮ್ಮನ ಎಡಗಿವಿ ನಾಲ್ಕನೆಯ ವಯಸ್ಸಿನಲ್ಲಿ ಸೋರಲು ಶುರುವಾಯಿತು. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಕಿವಿಗೆ ಗೊತ್ತಿದ್ದ ಮದ್ದು ಒಂದೇ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಅವ್ವ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಚ್ಚಗಿನ ಎಣ್ಣೆ ಬಿಟ್ಟು, ಮೇಲೆ ಹತ್ತಿ ತುರುಕುತ್ತಿದ್ದಳು. ಮಗನ ನೋವು ನೋಡಲಾರದೆ ಮಾಡಿದ ಕೆಲಸ ಅದು, ಅವಳನ್ನು ಹೇಗೆ ದೂರಲಿ? ತಮಟೆಯಲ್ಲಿ, ಅಂದರೆ ಕಿವಿಯೊಳಗಿನ ತೆಳು ಪೊರೆಯಲ್ಲಿ, ತೂತಿದ್ದ ಕಿವಿಗೆ ಎಣ್ಣೆ ಬಿಡಬಾರದೆಂದು ಅವಳಿಗೆ ಹೇಳಿದವರು ಯಾರು? ಶಾಲೆಯಲ್ಲಿ ಅವನ ಪಕ್ಕ ವಾಸನೆಯೆಂದು ಯಾರೂ ಕೂರುತ್ತಿರಲಿಲ್ಲ. ಹಾಗಾಗಿ ಕೊನೆಯ ಸಾಲು ಅವನ ಪಾಲಿಗೆ ಬಂತು. ಕಿವಿ ಸರಿಯಿಲ್ಲದವನಿಗೆ ಹಲಗೆಯಿಂದ ಅತಿ ದೂರದ ಜಾಗ! ತಮಟೆಯ ತೂತಿನಿಂದ ಸುಮಾರು 30ರಿಂದ 40 ಡೆಸಿಬಲ್‌ನಷ್ಟು ಕೇಳುವಿಕೆ ಕುಗ್ಗಬಹುದು. ಪಿಸುಮಾತಿನ ಸದ್ದೇ ಸುಮಾರು 30 ಡೆಸಿಬಲ್. ಒಳಗಿನ ಸಣ್ಣ ಎಲುಬುಗಳ ಕೊಂಡಿಯೂ ಕಳಚಿದರೆ ಇನ್ನಷ್ಟು ಹೋಗುತ್ತದೆ. ಅವನಿಗೆ ಲೆಕ್ಕದ ಮೇಷ್ಟ್ರ ಮಾತು ಅರ್ಧರ್ಧ ಕೇಳಿಸುತ್ತಿತ್ತು. ಎಲ್ಲರೂ ಅವನನ್ನು ದಡ್ಡ ಎಂದರು, ಅವನೂ ನಂಬಿದ. ರಾತ್ರಿ ನಾಯಿಗಳು ಬೊಗಳಿದರೆ ಕೇಳುವ ಕಿವಿಯನ್ನು ದಿಂಬಿಗೆ ಒತ್ತಿಕೊಂಡು ನಿದ್ದೆ ಹೋಗುತ್ತಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟ. ಈಗ ಟಂಟಂ ಓಡಿಸುತ್ತಾನೆ, ಎಡಗಡೆಯಿಂದ ಬರುವ ಹಾರ್ನ್ ಕೇಳುವುದಿಲ್ಲವೆಂದು ಆ ಕಡೆಯ ಕನ್ನಡಿಯನ್ನು ಮತ್ತೆ ಮತ್ತೆ ನೋಡುತ್ತಾನೆ.

ಈಗ ನನ್ನ ಕೈಯಿಂದಲೇ ಹೊರಡುವ ವರದಿಯ ಬಗ್ಗೆ ಹೇಳಬೇಕು. ಔಷಧ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ತಟ್ಟೆಯ ಮೇಲೆ ಇಡುತ್ತೇವೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ದುಂಡನೆಯ ಬಯಲು ದೊಡ್ಡದಾಗಿದ್ದರೆ ‘ಔಷಧಕ್ಕೆ ಬಗ್ಗುತ್ತದೆ’, ಚಿಕ್ಕದಾಗಿದ್ದರೆ ‘ಬಗ್ಗುವುದಿಲ್ಲ’. ಆದರೆ ಆ ಬಯಲಿಗೆ ಇಟ್ಟಿರುವ ಅಳತೆಯನ್ನು, ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಾಗ ರಕ್ತದಲ್ಲಿ ಔಷಧ ಎಷ್ಟು ಸೇರುತ್ತದೆ ಎಂಬುದನ್ನು ಗಮನದಲ್ಲಿಟ್ಟು ಗೊತ್ತುಮಾಡಿದ್ದಾರೆ. ಸಿಪ್ರೋಫ್ಲಾಕ್ಸಾಸಿನ್ ಎಂಬ ಔಷಧಕ್ಕೆ ಆ ಮಿತಿ ಪ್ರತಿ ಮಿಲಿಲೀಟರಿಗೆ ಒಂದು ಮೈಕ್ರೊಗ್ರಾಂನ ಆಸುಪಾಸು. ಅಂಗಡಿಯಲ್ಲಿ ಸಿಗುವ 0.3 ಶೇಕಡಾ ಕಿವಿಹನಿಯ ಒಂದು ಮಿಲಿಲೀಟರಿನಲ್ಲಿ ಇರುವುದು 3000 ಮೈಕ್ರೊಗ್ರಾಂ! ಅಂದರೆ ನಾನು ‘ಬಗ್ಗುವುದಿಲ್ಲ’ ಎಂದು ಬರೆದ ಕೀಟಾಣುವೂ ಹನಿ ಅದನ್ನು ಮುಟ್ಟಿದರೆ ಸಾಯುವ ಸಾಧ್ಯತೆ ಸಾಕಷ್ಟಿದೆ. ಆ ಒಂದು ಪದ ನೋಡಿ ಹನಿ ನಿಲ್ಲಿಸಿ, ದುಬಾರಿ ಇಂಜೆಕ್ಷನ್ ಬರೆಸಿಕೊಂಡು, ಅದಕ್ಕಾಗಿ ಸಾಲ ಮಾಡಿದ ಮನೆಯವರನ್ನು ನಾನು ಕಂಡಿದ್ದೇನೆ. ವರದಿಯ ಕೆಳಗೆ ‘ಕಿವಿಹನಿಗೆ ಈ ಅಳತೆ ಅನ್ವಯಿಸುವುದಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಸಾಕು. ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಇದರ ಇನ್ನೊಂದು ಮುಖವೂ ಇದೆ. ‘ಬಗ್ಗುತ್ತದೆ’ ಎಂದು ಬರೆದ ಔಷಧ ಹಾಕಿದರೂ ಎಷ್ಟೋ ಸಲ ಕಿವಿ ಒಣಗುವುದಿಲ್ಲ. ನೀರಿನ ಹೌದಿನ ಒಳಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ನೀರು ತಿಳಿಯಾಗಿದ್ದರೂ ಗೋಡೆಗೆ ಜಾರುವ ಪಾಚಿ ಅಂಟಿರುತ್ತದೆ. ಎಷ್ಟು ನೀರು ಸುರಿದರೂ ಅದು ಹೋಗುವುದಿಲ್ಲ, ತಿಕ್ಕಬೇಕು. ಕೀಟಾಣುಗಳೂ ಹೀಗೆಯೇ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಅಡಗುತ್ತವೆ. ಬಯೋಫಿಲ್ಮ್ ಎನ್ನುತ್ತಾರೆ. ಮಕ್ಕಳ ನಡುಗಿವಿಯ ಒಳಪೊರೆಯ ಮೇಲೆ ಅದು ಇರುವುದನ್ನು ಸಂಶೋಧಕರು ನೇರವಾಗಿ ತೋರಿಸಿಕೊಟ್ಟದ್ದು 2006ರಲ್ಲಿ. ನನ್ನ ತಟ್ಟೆಯಲ್ಲಿ ಬೆಳೆಯುವುದು ಆ ಪದರದಿಂದ ಹೊರಬಿದ್ದ ಬಿಡಿ ಕೀಟಾಣು. ಅದನ್ನು ಕೊಲ್ಲುವುದು ಸುಲಭ. ಕಿವಿಯ ಗೋಡೆಗೆ ಅಂಟಿಕೊಂಡದ್ದರ ಕತೆಯೇ ಬೇರೆ. ಹಾಗಾಗಿ ಕಿವಿಯನ್ನು ಮೊದಲು ಒರೆಸಿ ಶುಚಿಮಾಡದೆ ಕೀವಿನ ಮೇಲೆಯೇ ಹನಿ ಬಿಟ್ಟರೆ ಔಷಧ ಕೀವಿನೊಡನೆ ಹರಿದು ಕೆನ್ನೆಗೆ ಬರುತ್ತದೆ, ಅಷ್ಟೇ.

ಶುಚಿ ಮಾಡುವುದಕ್ಕೆ ದೊಡ್ಡ ಯಂತ್ರವೂ ಬೇಡ. ಶುಭ್ರವಾದ ಹತ್ತಿ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದ ಮೇಲೆ ತೆಗೆದು ಹೊಸದನ್ನು ಇಡುವುದು, ಒಣಗಿ ಬರುವವರೆಗೆ. ದಿನಕ್ಕೆ ಮೂರು ಸಲ ಹಾಗೆ ಮಾಡಿ ಆಮೇಲೆ ಹನಿ. ಮಕ್ಕಳ ಕಾಯಿಲೆಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಇದೇ. ದೀಪಕ್ಕೆ ಬತ್ತಿ ಹೊಸೆಯುವ ಕೈಗಳು ನಮ್ಮ ಪ್ರತಿ ಮನೆಯಲ್ಲೂ ಇವೆ, ಕಲಿಸಿದರೆ ಐದು ನಿಮಿಷದ ಕೆಲಸ. ಬೆಂಕಿಕಡ್ಡಿ, ಪಿನ್ನು, ಹತ್ತಿ ಸುತ್ತಿದ ಕಡ್ಡಿ ಮಾತ್ರ ಖಂಡಿತ ಬೇಡ.

ಬತ್ತಿ ಒಂದೇ ಸಾಕೇ? ಸಾಲದು. ಇದನ್ನು ತಿಳಿಸಿದ ಸಂಶೋಧನೆ ನಡೆದದ್ದು ಕೀನ್ಯಾ ದೇಶದ ಕಿಯಾಂಬು ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 500ಕ್ಕೂ ಹೆಚ್ಚು ಮಕ್ಕಳಿದ್ದರು. ಹದಿನಾರು ವಾರಗಳ ಕೊನೆಗೆ, ಬರೀ ಕಿವಿ ಒರೆಸಿದ ಮಕ್ಕಳಿಗೂ ಏನೂ ಮಾಡದ ಮಕ್ಕಳಿಗೂ ವ್ಯತ್ಯಾಸವೇ ಕಾಣಲಿಲ್ಲ, ಎರಡೂ ಗುಂಪಿನಲ್ಲಿ ಸುಮಾರು ಐದರಲ್ಲೊಂದು ಪಾಲು ಮಕ್ಕಳ ಕಿವಿ ಮಾತ್ರ ಒಣಗಿತ್ತು. ಒರೆಸುವುದರ ಜೊತೆಗೆ ಔಷಧವನ್ನೂ ಕೊಟ್ಟ ಗುಂಪಿನಲ್ಲಿ ಅರ್ಧದಷ್ಟು ಮಕ್ಕಳ ಕಿವಿ ಒಣಗಿತ್ತು. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿನವರು ಕೇಳಿದ್ದು ‘ಯಾವ ಕೀಟಾಣು’ ಎಂದಲ್ಲ, ‘ಈ ಮಗುವಿನ ಕಿವಿ ಒಣಗಿತೇ’ ಎಂದು. ಮಕ್ಕಳು ಆಸ್ಪತ್ರೆಗೆ ಬರಲಿ ಎಂದು ಕಾಯಲಿಲ್ಲ, ತಾವೇ ಶಾಲೆಗೆ ಹೋದರು. ಇಂಥದ್ದೊಂದು ಸೇಡಂನಲ್ಲಿ, ಶಹಾಪುರದಲ್ಲಿ, ಔರಾದಿನಲ್ಲಿ ಏಕೆ ಆಗಬಾರದು?

ಹಾಗೆಂದು ಪ್ರಯೋಗಾಲಯವೇ ಬೇಡವೆನ್ನುವಷ್ಟು ಬುದ್ಧಿಗೇಡಿ ನಾನಲ್ಲ. ತಿಂಗಳುಗಟ್ಟಲೆ ಹನಿ ಹಾಕಿಸಿಕೊಂಡ ಕಿವಿಯಿಂದ ಒಮ್ಮೊಮ್ಮೆ ಕೀವಿನ ಬದಲು ಒದ್ದೆ ಕಾಗದದ ಮೇಲೆ ಸಾಸಿವೆ ಚೆಲ್ಲಿದಂಥ ಕಪ್ಪು ಚುಕ್ಕೆಯ ಬೂಷ್ಟು ಬರುತ್ತದೆ. ಅದು ಶಿಲೀಂಧ್ರ. ಅದಕ್ಕೆ ಮತ್ತೆ ಅದೇ ಹನಿ ಹಾಕಿದರೆ ಇನ್ನಷ್ಟು ಬೆಳೆಯುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಎಷ್ಟು ಔಷಧ ಕೊಟ್ಟರೂ ಬಗ್ಗದ, ನೋವಿಲ್ಲದೆ ಸೋರುವ ಕಿವಿಯಲ್ಲಿ ಕ್ಷಯ ಅಡಗಿರಬಹುದು, ಅದನ್ನು ಹುಡುಕಲೂ ಪ್ರಯೋಗಾಲಯವೇ ಬೇಕು. ಇಂಥ ಕಡೆ ನಮ್ಮನ್ನು ಬಳಸಿಕೊಳ್ಳಿ. ಹನಿ ಬಿಡುವ ಮೊದಲು ಕೀವು ತೆಗೆಯಿರಿ, ಮೇ ತಿಂಗಳ ಬಿಸಿಲಿನಲ್ಲಿ ಬಸ್ಸಿನಲ್ಲಿ ಒಣಗಿಸಿಕೊಂಡು ಬಂದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಉತ್ತರ ಕೇಳಬೇಡಿ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಹನಿಗಳ ಬಗ್ಗೆಯೂ ಎಚ್ಚರವಿರಲಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿ ತೂತಿನ ಮೂಲಕ ಒಳಗಿವಿಗೆ ಇಳಿದರೆ ಉಳಿದ ಕೇಳುವಿಕೆಗೂ ಕುತ್ತು ತರಬಹುದು.

ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಟ್ಟ ಸಂವಿಧಾನದ 371-ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ವೈದ್ಯರಾಗುತ್ತಿದ್ದಾರೆ, ಅದನ್ನು ನೋಡಿ ಎದೆ ತುಂಬುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ವೈದ್ಯಕೀಯ ಕಾಲೇಜುಗಳಿವೆ. ಶಾಲೆ ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ಸರ್ಕಾರಿ ತಂಡಗಳು 2013ರಿಂದ ಇವೆ, ಕಿವಿ ಸೋರುವುದೂ ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿದೆ. ಕಾಲೇಜಿನ ಪ್ರಬಂಧ ಒಂದು ಕಡೆ, ಈ ತಂಡಗಳ ದಾಖಲೆ ಇನ್ನೊಂದು ಕಡೆ. ಎರಡನ್ನೂ ಹೊಲಿಯುವ ಕೈ ಬೇಕು. ಈ ವರ್ಷ ಪ್ರಬಂಧದ ವಿಷಯ ಹುಡುಕುತ್ತಿರುವ ತಮ್ಮ ತಂಗಿಯರೇ, ಒಂದು ತಾಲ್ಲೂಕು ಆರಿಸಿಕೊಳ್ಳಿ. ಹತ್ತು ಶಾಲೆ ಸಾಕು. ಕಿವಿ ನೋಡಿ, ಕೇಳುವಿಕೆ ಅಳೆಯಿರಿ, ತಾಯಂದಿರಿಗೆ ಬತ್ತಿ ಕಲಿಸಿ, ಹನಿ ಕೊಡಿ, ಮೂರು ತಿಂಗಳಿಗೊಮ್ಮೆ ಮತ್ತೆ ಹೋಗಿ ನೋಡಿ. ತಟ್ಟೆಯ ಕೆಲಸ ನನಗೆ ಬಿಡಿ, ಭಾನುವಾರವೂ ಬರುತ್ತೇನೆ. ‘ತಂತ್ರಜ್ಞೆಯಾದವಳು ವೈದ್ಯರಿಗೆ ಬುದ್ಧಿ ಹೇಳುವುದೇ’ ಎನ್ನುವವರು ಇರಬಹುದು. ಎನ್ನಲಿ. ಕೀವಿನ ವಾಸನೆ ದಿನವೂ ಕುಡಿಯುವ ಮೂಗು ನನ್ನದು, ನನಗೂ ಒಂದು ಮಾತಿದೆ.

ಆ ಅಜ್ಜಿ ಮೂರನೆಯ ದಿನ ಬರಲಿಲ್ಲ. ವಾರ ಕಳೆಯಿತು, ಹುಡುಗನ ವರದಿ ಕಿಟಕಿಯ ಪಕ್ಕದ ಟ್ರೇಯಲ್ಲೇ ಇತ್ತು. ಚೀಟಿಯ ಮೇಲೆ ಮೊಬೈಲ್ ಸಂಖ್ಯೆ ಇತ್ತು. ಇಷ್ಟು ವರ್ಷಗಳಲ್ಲಿ ವರದಿ ತೆಗೆದುಕೊಳ್ಳದ ಮನೆಗೆ ನಾನು ಫೋನ್ ಮಾಡಿದ್ದು ಅದೇ ಮೊದಲು.

“ತೊಗರಿ ಬಿತ್ತನೆ ನಡೆದಿದೆ ಅವ್ವಾ, ಮುಗಿದ ಮೇಲೆ ಬರುತ್ತೇವೆ” ಎಂದರು ಅಜ್ಜಿ. ಕಿವಿ ಹೇಗಿದೆ ಎಂದು ಕೇಳಿದೆ. “ಹಾಗೆಯೇ ಇದೆ. ಮಳೆಗೆ ಇನ್ನೂ ಹೆಚ್ಚಾಗಿದೆ.”

ಮನೆಯಲ್ಲಿ ಹಳೆಯ ಬಿಳಿ ಧೋತರ ಇದೆಯೇ ಎಂದು ಕೇಳಿದೆ. ಇದೆ ಎಂದರು. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಬತ್ತಿ ಹೊಸೆಯುವುದು ಹೇಗೆಂದು ಹೇಳುತ್ತಾ ಹೋದೆ. ಎಣ್ಣೆ ಬಿಡಬೇಡಿ, ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಿ, ಬಿತ್ತನೆ ಮುಗಿದ ಮರುದಿನವೇ ವೈದ್ಯರ ಬಳಿ ಬನ್ನಿ ಎಂದೆ. ಆ ಕಡೆಯಿಂದ ಹುಡುಗನಿಗೆ ಕೂಗಿ ಕರೆದದ್ದು ಕೇಳಿಸಿತು, ಒಂದು ಸಲ, ಎರಡು ಸಲ. ಮೂರನೆಯ ಸಲ ಕೂಗಿದ ಮೇಲೆ ಅವನು ಬಂದ.