ಬೀಪ್ ಅಂದ್ರೆ ಓಡು

1950ರ ದಶಕದಲ್ಲಿ ಅಮೆರಿಕಕ್ಕೆ ದೊಡ್ಡ ಗಂಡಾಂತರ ಬಂತು. ಯುದ್ಧವಲ್ಲ, ಬರಗಾಲವಲ್ಲ. ಅಲ್ಲಿನ ಮಕ್ಕಳು ಮಂಡಿ ಮಡಚದೆ ಬಗ್ಗಿ ನೆಲ ಮುಟ್ಟಲಿಲ್ಲ, ಅಷ್ಟೇ.

ಮಕ್ಕಳ ಮೈ ಎಷ್ಟು ಗಟ್ಟಿ ಅಂತ ನೋಡೋಕೆ ಕ್ರೌಸ್-ವೆಬರ್ ಅಂತ ಒಂದು ಪರೀಕ್ಷೆ. ಇದ್ದದ್ದೇ ಆರು ಕಸರತ್ತು, ಒಂದು ತಪ್ಪಿದರೂ ಫೇಲ್. ಅಮೆರಿಕದ ಮಕ್ಕಳಲ್ಲಿ ನೂರಕ್ಕೆ ಸುಮಾರು 58 ಮಂದಿ ಡುಮ್ಕಿ. ಯುರೋಪಿನಲ್ಲಿ ಒಂಬತ್ತರ ಆಸುಪಾಸು. ಅಧ್ಯಕ್ಷ ಐಸೆನ್‌ಹೋವರ್ ಗಾಬರಿಯಾಗಿ 1956ರಲ್ಲಿ ಮಕ್ಕಳ ಫಿಟ್‌ನೆಸ್‌ಗೆ ಅಂತ ಒಂದು ಮಂಡಳಿಯನ್ನೇ ಕಟ್ಟಿದರು.

ಸರಿ, ಬೆನ್ನು ಬಗ್ಗದ ಮಕ್ಕಳಿಗೆ ಏನು ಮದ್ದು? 1958ರಲ್ಲಿ ಹೊಸ ಪರೀಕ್ಷೆ ಬಂತು. ಅದರಲ್ಲಿ 600 ಗಜ ಓಡಬೇಕು, ಸಾಫ್ಟ್‌ಬಾಲ್ ಬೇರೆ ಎಸೆಯಬೇಕು. ಹಲ್ಲುನೋವು ಅಂತ ಹೋದವನಿಗೆ ಕನ್ನಡಕ ಕೊಟ್ಟ ಹಾಗೆ. 1966ರಲ್ಲಿ ಅಧ್ಯಕ್ಷರ ಹೆಸರಿನ ಬ್ಯಾಡ್ಜೂ ಬಂತು. ಅದು ಸಿಗಬೇಕಾದರೆ ಪ್ರತಿ ವಿಭಾಗದಲ್ಲೂ 85ನೇ ಪರ್ಸೆಂಟೈಲ್ ಮುಟ್ಟಬೇಕು, ಅಂದ್ರೆ ನೂರರಲ್ಲಿ ಸುಮಾರು 85 ಮಕ್ಕಳನ್ನು ಹಿಂದೆ ಹಾಕಬೇಕು. ಓಟದಲ್ಲಿ ಚಿರತೆಯಾಗಿದ್ದು ಬಾರ್‌ಗೆ ನೇತಾಡಿ ಮೈ ಎತ್ತೋಕೆ ಆಗದಿದ್ದರೆ, ಕಂದ, ಮನೆಗೆ ಹೋಗು.

ಆಮೇಲೆ 80ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಿಂದ ಲ್ಯೂಕ್ ಲೆಜೆ ಅವರ ಬೀಪ್ ಟೆಸ್ಟ್ ಬಂತು. 20 ಮೀಟರ್ ದೂರದಲ್ಲಿ ಎರಡು ಗೆರೆ. ಬೀಪ್ ಅನ್ನುವಷ್ಟರಲ್ಲಿ ಆ ಕಡೆ, ಮತ್ತೆ ಬೀಪ್, ಈ ಕಡೆ. ಶುರು ಗಂಟೆಗೆ 8.5 ಕಿ.ಮೀ., ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಜಾಸ್ತಿ. ಅಳತೆ ಲೆಕ್ಕದಲ್ಲಿ ಬಹಳ ಜಾಣ ಕೆಲಸ, ಒಪ್ಪಲೇಬೇಕು. ಆದರೆ ನೋಡಿ: ಮೈ ತೂಕ ಜಾಸ್ತಿ ಇರುವ ಹುಡುಗ ಬಹುಶಃ ಮೊದಲು ಔಟ್. ಗೋಡೆಗೆ ಒರಗಿ, ಕೆಂಪಗಾದ ಮುಖ ಒರೆಸಿಕೊಳ್ಳುತ್ತಾ, ಉಳಿದವರ ಓಟ ನೋಡುತ್ತಾ ಕೂರುತ್ತಾನೆ. ಯಾರಿಗೆ ವ್ಯಾಯಾಮ ಬೇಕಿತ್ತೋ ಅವನಿಗೇ ಎಲ್ಲರಿಗಿಂತ ಮೊದಲು ವಿಶ್ರಾಂತಿ!

ಅಧ್ಯಕ್ಷರ ಹಳೆ ಪರೀಕ್ಷೆ ಸುಮಾರು 2012–13ರಲ್ಲಿ ನಿವೃತ್ತಿಯಾಯಿತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿ ಅದನ್ನು ವಾಪಸ್ ಕರೆದರು. ಸಹಿ ಹಾಕೋಕೆ ಓಡಬೇಕಾಗಿಲ್ಲ ಅಲ್ವಾ?

ನಾವೇನು ಕಡಿಮೆಯೇ? ನಮ್ಮಲ್ಲೂ ನಾಲ್ಕನೇ ಕ್ಲಾಸಿನಿಂದ ಮೇಲೆ 600 ಮೀಟರ್ ಓಟ-ನಡಿಗೆ ಪರೀಕ್ಷೆ ಇದೆ. ನನ್ನ ಅಕ್ಕನ ಮಗನ ಸ್ಕೂಲಿಗೆ ಮೈದಾನವಿಲ್ಲ, ಅಂಗಳವಿದೆ. ಒಂದು ಸುತ್ತು ಮೂವತ್ತು ಮೀಟರ್. ವರ್ಷವಿಡೀ ಪಿಟಿ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ, ಆ ದಿನ ಮಾತ್ರ ಇಪ್ಪತ್ತು ಸುತ್ತು. ಮಧ್ಯದಲ್ಲಿ ಪಿಟಿ ಮೇಷ್ಟ್ರಿಗೆ ಫೋನ್ ಬಂತು, ಲೆಕ್ಕ ತಪ್ಪಿತು.

‘ಎಷ್ಟಾಯ್ತೋ?’

‘ಹದಿನೆಂಟು, ಸಾರ್!’ ಒಂಬತ್ತು ಸುತ್ತು ಓಡಿದ್ದ ಇಡೀ ಕ್ಲಾಸು ಒಂದೇ ದನಿಯಲ್ಲಿ ಕೂಗಿತು.

ಗಣಿತದ ಪೀರಿಯಡ್ಡು ವ್ಯರ್ಥ ಹೋಗಿರಲಿಲ್ಲ.