ಅಂಗೈಯಲ್ಲಿ ಆಕಾಶ, ಅದೂ ದಶಮಾಂಶದಲ್ಲಿ

ಹೆಲ್ಸಿಂಕಿಯಿಂದ ಟೋಕಿಯೋಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಫೋನಿನಲ್ಲಿ ದೂರ ಅಳೆದುಕೊಡುವ ತಾಣವೊಂದನ್ನು ಕೇಳಿ ನೋಡಿ. ರೆಪ್ಪೆ ಬಡಿಯುವುದರೊಳಗೆ ಉತ್ತರ ಸಿದ್ಧ. 7,800 ಚಿಲ್ಲರೆ ಕಿಲೋಮೀಟರು. ಆ ಚಿಲ್ಲರೆಗೂ ಒಂದು ಪಾಯಿಂಟು, ಪಾಯಿಂಟಿನ ಮುಂದೆ ಎರಡಂಕಿ. ಅಂದರೆ ಹತ್ತು ಮೀಟರಿನವರೆಗೂ ಲೆಕ್ಕ ಪಕ್ಕಾ! ಊರಿನ ಯಾವ ಮೂಲೆಯಿಂದ ಯಾವ ಮೂಲೆಗೆ ಅಂತ ಮಾತ್ರ ಕೇಳಬಾರದು. ನರಿಟಾ ವಿಮಾನ ನಿಲ್ದಾಣವೇ ಟೋಕಿಯೋ ನಡುಪೇಟೆಯಿಂದ ಸುಮಾರು 60 ಕಿ.ಮೀ. ಆಚೆಗಿದೆ. ಹತ್ತು ಮೀಟರನ್ನೂ ಬಿಡದೆ ಅಳೆದ ಮಹನೀಯರು ಈ ಅರವತ್ತನ್ನು ಧಾರಾಳವಾಗಿ ಬಿಟ್ಟುಕೊಟ್ಟಿದ್ದಾರೆ.

ಹೊತ್ತಿನ ಲೆಕ್ಕ ಇನ್ನೂ ಸಲೀಸು. ದೂರವನ್ನು ವಿಮಾನದ ವೇಗದಿಂದ, ಅಂದರೆ ಗಂಟೆಗೆ ಎಂಟುನೂರೈವತ್ತೋ ಒಂಬೈನೂರೋ ಕಿಲೋಮೀಟರಿನಿಂದ ಭಾಗಿಸು, ವಿಮಾನ ಮೇಲೇರಲು ಕೆಳಗಿಳಿಯಲು ಅಂತ ಅರ್ಧ ಗಂಟೆ ಕೊಸರು ಹಾಕು. ಬಂತು ನೋಡಿ, ಒಂಬತ್ತೂವರೆ ಗಂಟೆ ಆಸುಪಾಸು. ಶಾಲೆಯಲ್ಲಿ ನಮ್ಮನ್ನು ಅಳಿಸುತ್ತಿದ್ದ ರೈಲಿನ ಲೆಕ್ಕಕ್ಕೇ ರೆಕ್ಕೆ ಕಟ್ಟಿದ್ದಾರೆ.

ಈ ಲೆಕ್ಕ ಒಂದು ಕಾಲಕ್ಕೆ ಸರಿಯಾಗಿಯೂ ಇತ್ತು. ಆದರೆ ಎರಡೂ ಊರಿನ ನಡುವೆ ಇವರು ಎಳೆಯುವ ನೇರ ಗೆರೆ ಹಾಯುವುದು ಸೈಬೀರಿಯಾದ ನೆತ್ತಿಯ ಮೇಲೆ. 2022ರಲ್ಲಿ ಯುದ್ಧ ಶುರುವಾಗಿ ರಷ್ಯಾದ ಆಕಾಶ ಯುರೋಪಿನ ವಿಮಾನಗಳಿಗೆ ಬಾಗಿಲು ಹಾಕಿತು. ಅಲ್ಲಿಂದ ಮುಂದೆ ಉತ್ತರ ಧ್ರುವ ಬಳಸಿಕೊಂಡು ಹೋಗಬೇಕು, ಇಲ್ಲವೇ ದಕ್ಷಿಣದಿಂದ ಸುತ್ತು ಹಾಕಬೇಕು. ಹದಿಮೂರು ಗಂಟೆ ಹತ್ತಿರ ಹತ್ತಿರ. ಧ್ರುವ ದಾಟಿದ ಪ್ರಯಾಣಿಕರ ಕೈಗೆ ಒಂದು ಪ್ರಮಾಣಪತ್ರವನ್ನೂ ಇಟ್ಟರು. ಸುತ್ತಿ ಬಳಸಿ ತಡವಾಗಿ ತಲುಪಿದ್ದಕ್ಕೆ ಸರ್ಟಿಫಿಕೇಟು! (ನಾನು ಶಾಲೆಗೆ ಹಾಗೆ ಹೋದಾಗ ಸಿಕ್ಕಿದ್ದು ಬೇರೆ.) ಗೆರೆ ಎಳೆದು ಭಾಗಿಸುವ ಲೆಕ್ಕದಲ್ಲಿ ಮಾತ್ರ ಅದೇ ಒಂಬತ್ತೂವರೆ. ಭೂಮಿ ಏನೂ ಉಬ್ಬಿಲ್ಲವಲ್ಲ!

ಗಾಳಿಗಂತೂ ಈ ಲೆಕ್ಕದೊಳಗೆ ಪ್ರವೇಶವೇ ಇಲ್ಲ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗೆ ಬಿದ್ದು ನ್ಯೂಯಾರ್ಕಿನಿಂದ ಹೊರಟ ವಿಮಾನವೊಂದು ಐದು ಗಂಟೆಯೊಳಗೆ ಲಂಡನ್ ಮುಟ್ಟಿತು. ಅದೇ ಗಾಳಿಗೆ ಎದೆಕೊಟ್ಟು ವಾಪಸ್ ಬರುವವರಿಗೆ ಏಳೆಂಟು ಗಂಟೆ. ಭಾಗಾಕಾರದವರಿಗೆ ಹೋಗುವುದೂ ಒಂದೇ, ಬರುವುದೂ ಒಂದೇ.

ವಿಮಾನದವರು ಇವರಿಗಿಂತ ಚಾಲಾಕಿಗಳು. ಕಡಿಮೆ ಹೇಳಿ ಬೈಸಿಕೊಳ್ಳುವ ಬದಲು ವೇಳಾಪಟ್ಟಿಯಲ್ಲೇ ಒಂದಿಷ್ಟು ಹೊತ್ತು ಜಾಸ್ತಿ ಬರೆದುಬಿಡುತ್ತಾರೆ. ಆಮೇಲೆ ಮೈಕಿನಲ್ಲಿ ಜೇನು ಸುರಿಯುತ್ತದೆ: ‘ನಾವು ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೇವೆ.’ ಒಬ್ಬರು ಚಪ್ಪಾಳೆಯನ್ನೂ ತಟ್ಟುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು, ಈ ಸಲ ದನಿ ಸ್ವಲ್ಪ ಸಣ್ಣದು: ‘ನಮ್ಮ ಗೇಟಿನಲ್ಲಿ ಬೇರೆ ವಿಮಾನ ನಿಂತಿದೆ, ದಯವಿಟ್ಟು ಸಹಕರಿಸಿ.’

ಅಷ್ಟರಲ್ಲಿ ಎಲ್ಲರೂ ಎದ್ದಾಗಿದೆ. ಲಗೇಜ್ ಗೂಡಿನ ಕೆಳಗೆ ಕತ್ತು ಓರೆ ಮಾಡಿಕೊಂಡು, ಮುಂದಿನವರ ಬ್ಯಾಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದಾರೆ. ಕಿಟಕಿಯಾಚೆ ಗೇಟು ಕಾಣುತ್ತಿದೆ. ಒಬ್ಬಾತ ಫೋನ್ ತೆಗೆದು ನೋಡುತ್ತಾನೆ. ಉಳಿದ ದೂರ, 0.00 ಕಿ.ಮೀ.