ಬೋಂಡಾ ಕಾಗದದ ಭವಿಷ್ಯ

ಬ್ಯಾಕ್ಟೀರಿಯಾ ಕೊಲ್ಲುವ ಕಾಗದ ಬರುತ್ತಿದೆಯಂತೆ. ನೀವೂ ಓದಿರುತ್ತೀರಿ. ತಿಂಡಿ ಕಟ್ಟಿದರೆ ಸಾಕು, ಕ್ರಿಮಿಗಳ ಕತೆ ಮುಗಿಯಿತು. ಆ ಸಂತೋಷದಲ್ಲೇ ನಿನ್ನೆ ಸಂಜೆ ಬೋಂಡಾ ತರಲು ಹೋದೆ.

ಗಾಡಿಯವರು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹಳೇ ಪೇಪರಿನ ಕಟ್ಟಿನಿಂದ ಒಂದು ಹಾಳೆ ಎಳೆದರು. ನಾಲ್ಕು ಬೋಂಡಾ ಸುತ್ತಿದರು. ಕವರ್ ಬಾಯಿ ಬಿಡಲಿಲ್ಲ ಅಂತ ಅದರೊಳಗೆ ಒಮ್ಮೆ ‘ಫೂ’ ಎಂದು ಊದಿದರು. ಯಾವ ಕಾಗದ ಬಂದರೂ ಎಳೆಯುವ ಹೆಬ್ಬೆರಳು ಅದೇ ಅಲ್ವಾ?

ಈ ಹೊಸ ಕಾಗದಕ್ಕೆ ಸವರುವ ಸಾಮಾನುಗಳಲ್ಲಿ ಕೈಟೊಸಾನ್ ಒಂದು. ಸಿಗಡಿ, ಏಡಿ ಚಿಪ್ಪಿನಿಂದ ತೆಗೆಯುತ್ತಾರೆ. ಅದು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟಿಕೊಂಡು ಕೆಡಿಸುತ್ತದೆ. ‘ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ’ ಎಂದು ಬೋರ್ಡ್ ಹಾಕಿದವರು ಸಿಗಡಿ ಕಾಗದದಲ್ಲಿ ಅಂಬೊಡೆ ಕಟ್ಟಿಕೊಡುವುದನ್ನು ನಾನು ಕಣ್ಣಾರೆ ನೋಡಬೇಕು. ಬೇಡ ಅಂದರೆ ಬೆಳ್ಳಿಯ ನ್ಯಾನೊ ಕಣ ಇದೆ. ಬೋಂಡಾಗೆ ಬೆಳ್ಳಿ! ನಮ್ಮ ಕಡೆ ಅಳಿಯನಿಗೂ ಇಷ್ಟು ಮರ್ಯಾದೆ ಸಿಗುವುದಿಲ್ಲ.

ಹಳೇ ಪೇಪರಿಗೆ ಅದರದೇ ಸುಖ ಇದೆ, ಒಪ್ಪುತ್ತೇನೆ. ನಿನ್ನೆ ನನಗೆ ಸಿಕ್ಕಿದ್ದು ವಾರಭವಿಷ್ಯದ ಪುಟ. ‘ಕನ್ಯಾ: ಹೊಟ್ಟೆಯ ವಿಷಯದಲ್ಲಿ’ ಅಂತ ಇತ್ತು. ಮುಂದೆ ಬರೀ ಎಣ್ಣೆ. ಉಳಿದ ಭವಿಷ್ಯ ಬೋಂಡಾ ಮೇಲೆ ತಿರುಗುಮುರುಗಾಗಿ ಅಚ್ಚಾಗಿತ್ತು. ಕನ್ನಡಿ ಹಿಡಿದು ಓದುವಷ್ಟರಲ್ಲಿ ಮಗ ತಿಂದುಬಿಟ್ಟ.

ಆ ಶಾಯಿಯಲ್ಲಿ ಸೀಸ ಇರಬಹುದು, ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿತು. 2018ರಲ್ಲಿ ನಿಯಮ ಮಾಡಿತು. 2023ರಲ್ಲಿ ಮತ್ತೆ ಹೇಳಿತು. ಎಂಥ ತಾಳ್ಮೆ! ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಸಬೇಡಿ ಎಂದು 2025ರಲ್ಲಿ ನಮ್ಮ ಸರ್ಕಾರ ಹೇಳಬೇಕಾಯಿತು. ಮೊದಲು ಬಟ್ಟೆ ಹಾಸುತ್ತಿದ್ದರು. ಒಗೆಯಬೇಕಲ್ಲ, ಬಿಟ್ಟರು.

ನನಗೆ ಸಾಕಾಗಿದೆ. ಬ್ಯಾಕ್ಟೀರಿಯಾ ಕೊಲ್ಲುವುದು ಆಮೇಲಿರಲಿ. ಏನೂ ಅಚ್ಚಾಗದ ಖಾಲಿ ಕಾಗದವನ್ನು ರದ್ದಿ ಬೆಲೆಗೆ ಗಾಡಿಯವರಿಗೆ ಕೊಡಿ. ಪಕ್ಕದಲ್ಲಿ ಕೈ ತೊಳೆಯಲು ಒಂದು ನಲ್ಲಿ ಹಾಕಿಸಿ. ಇದಕ್ಕೆ ಯಾವ ಸಂಶೋಧನೆ ಬೇಕು? ದಿನವಿಡೀ ಎಣ್ಣೆ ಮುಂದೆ ನಿಂತವರು ಕೈ ತೊಳೆಯಲು ಎಲ್ಲಿಗೆ ಹೋಗಬೇಕು?

ಹೋಗಲಿ, ಬಾಳೆ ಎಲೆಯಾದರೂ ಇಡಬಹುದಲ್ಲ ಎಂದು ಗಾಡಿಯವರನ್ನೇ ಕೇಳಿದೆ.

“ಇಟ್ಟಿದ್ದೆ ಸಾರ್. ಎಲೆ ಹರಿಯುತ್ತೆ, ಪೇಪರಲ್ಲೇ ಕಟ್ಟಿ ಅಂದಿದ್ದು ನೀವೇ ಅಲ್ವಾ?”